‘ಆಕ್ಟಿವ್’ ಎಂಬ ಮಾತಿನ ವಿಚಾರ

ಪರಭಾಷೆಯಿಂದ ಬಂದು ನಮ್ಮ ಮನೆಮಾತಿನಲ್ಲಿ ಬೆರೆತುಹೋಗಿರುವ ಪದಗಳಲ್ಲಿ ‘ಆಕ್ಟಿವ್’ ಎಂಬುದೂ ಒಂದು. ಮಗು ಒಂದು ಗಳಿಗೆಯೂ ನಿಲ್ಲದೆ ಓಡಾಡುತ್ತಿದ್ದರೆ “ಬಹಳ ಆಕ್ಟಿವ್” ಎನ್ನುತ್ತೇವೆ. ಎಂಬತ್ತು ವರ್ಷದ ಹಿರಿಯರು ಬೆಳಗ್ಗೆ ಎದ್ದು ಅಂತರಗಂಗೆಯ ಮೆಟ್ಟಿಲು ಹತ್ತಿ ಬರುವರಾದರೆ “ಈ ವಯಸ್ಸಿನಲ್ಲಿಯೂ ಎಷ್ಟು ಆಕ್ಟಿವ್!” ಎಂದು ಬೆರಗಾಗುತ್ತೇವೆ. ಎರಡು ವರ್ಷ ಹಣ ಹಾಕದೆ ತೆಗೆಯದೆ ಬಿಟ್ಟ ಲೆಕ್ಕವು ಆಕ್ಟಿವ್ ಅಲ್ಲವೆಂದು ಬ್ಯಾಂಕಿನವರು ತಿಳಿಸುತ್ತಾರೆ. ಸಂಘದ ಕಾರ್ಯದರ್ಶಿಗಳು ಆಕ್ಟಿವ್ ಸದಸ್ಯರು ಕಡಿಮೆಯೆಂದು ಕೊರಗುತ್ತಾರೆ. ಅಂಡಮಾನಿನ ಬ್ಯಾರನ್ ದ್ವೀಪದ ಜ್ವಾಲಾಮುಖಿ ಆಕ್ಟಿವ್ ಎಂದು ಭೂಗೋಳದ ಮೇಷ್ಟ್ರು ಹೇಳುತ್ತಾರೆ. ವಾಕ್ಯವೊಂದು ಆಕ್ಟಿವ್ ಎಂದು ವ್ಯಾಕರಣದ ಮೇಷ್ಟ್ರು ಹೇಳುತ್ತಾರೆ.

ಇಷ್ಟು ಕಡೆಗಳಲ್ಲಿ ದುಡಿಯುವ ಮಾತಿಗೆ ಒಂದೇ ಅರ್ಥವಿರಲಾರದೆಂಬುದು ಸ್ಪಷ್ಟ. ಶಬ್ದವೊಂದಕ್ಕೆ ನಾನಾ ಅರ್ಥಗಳಿರುವುದು ದೋಷವೇನೂ ಅಲ್ಲ. ಅಮರಕೋಶದ ನಾನಾರ್ಥವರ್ಗದಲ್ಲಿ ‘ಹರಿ’ ಎಂಬ ಒಂದು ಶಬ್ದಕ್ಕೆ ವಿಷ್ಣು, ಇಂದ್ರ, ಸೂರ್ಯ, ಸಿಂಹ, ಕಪಿ ಮೊದಲಾಗಿ ಹತ್ತಕ್ಕೂ ಹೆಚ್ಚು ಅರ್ಥಗಳುಂಟು. ಆದರೂ ಕಪಿಯನ್ನು ಕಂಡು ವಿಷ್ಣುವೆಂದು ಕೈಮುಗಿದು, ಆಮೇಲೆ ಅರ್ಥವು ತಪ್ಪಿತೆಂದು ನಿಘಂಟನ್ನು ದೂರಿದವರಿಲ್ಲ. ‘ಆಕ್ಟಿವ್’ ಎಂಬುದರ ತೊಡಕು ಬೇರೆ ಬಗೆಯದು. ಅದು ಬರಿಯ ವರ್ಣನೆಯ ಮಾತಲ್ಲ. ಅದರೊಳಗೆ ಹೊಗಳಿಕೆಯೂ ಸೇರಿಕೊಂಡಿದೆ. ಆಕ್ಟಿವ್ ಅಲ್ಲದುದು ಜಡ, ನಿರುಪಯೋಗಿ, ಲೆಕ್ಕಕ್ಕೆ ಬಾರದ್ದು ಎಂಬ ತೀರ್ಪೂ ಅದರೊಡನೆ ಬರುತ್ತದೆ. ಒಂದು ಅರ್ಥದಲ್ಲಿ ಸಲ್ಲುವ ಹೊಗಳಿಕೆಯನ್ನು ಮತ್ತೊಂದು ಅರ್ಥದಲ್ಲಿಯೂ ಸಲ್ಲಿಸಿ, ಒಂದು ಅರ್ಥದಲ್ಲಿ ಸಲ್ಲುವ ನಿಂದೆಯನ್ನು ಅದಕ್ಕೆ ಸಲ್ಲದವರ ಮೇಲೆ ಹೊರಿಸುವುದಾದರೆ, ಅದು ಶಬ್ದದ ವಿಚಾರವಾಗಿ ಉಳಿಯದೆ ನ್ಯಾಯಾನ್ಯಾಯದ ವಿಚಾರವಾಗುವುದು. ಈ ಲೇಖನದಲ್ಲಿ ನೋಡಬೇಕೆಂದಿರುವುದು ಅದನ್ನೇ.

ಮೊದಲು ಪದದ ಹುಟ್ಟನ್ನು ನೋಡೋಣ. ಲ್ಯಾಟಿನ್ ಭಾಷೆಯಲ್ಲಿ ‘ಆಗೆರೆ’ ಎಂದರೆ ಅಟ್ಟು, ನಡೆಸು, ಮಾಡು. ಸಂಸ್ಕೃತದಲ್ಲಿ ಅಟ್ಟು, ಓಡಿಸು ಎಂಬ ಅರ್ಥವುಳ್ಳ ‘ಅಜ್’ ಧಾತು ಅದಕ್ಕೆ ಒಡಹುಟ್ಟು. ದನವನ್ನು ಹೊಡೆದುಕೊಂಡು ಹೋಗುವ ದನಗಾಹಿಯ ಕೆಲಸವೇ ಈ ಶಬ್ದದ ಮೊದಲ ಚಿತ್ರವೆಂದು ಹೇಳಬಹುದು. ಇದಕ್ಕೆ ಎದುರಾದ ‘ಪ್ಯಾಸಿವ್’ ಎಂಬುದು ಸಹಿಸು, ಅನುಭವಿಸು ಎಂಬ ಅರ್ಥದ ಧಾತುವಿನಿಂದ ಬಂದದ್ದು. ರೋಗಿಯನ್ನು ಹೇಳುವ ‘ಪೇಷಂಟ್’ ಎಂಬ ಮಾತೂ ತಾಳ್ಮೆಯನ್ನು ಹೇಳುವ ‘ಪೇಷನ್ಸ್’ ಎಂಬ ಮಾತೂ ಅದೇ ಬುಡದವು. ಹೀಗಾಗಿ ಲೋಕವು ಎರಡು ಪಾಲಾಯಿತು: ಅಟ್ಟುವವರು ಒಂದು ಕಡೆ, ಅಟ್ಟಿಸಿಕೊಂಡು ತಾಳುವವರು ಇನ್ನೊಂದು ಕಡೆ. ತಾಳ್ಮೆಯು ಮಾಡುವವನ ಗುಣವಾಗದೆ, ಮಾಡಿಸಿಕೊಳ್ಳುವವನ ಪಾಡಾಗಿ ಎಣಿಕೆಯಾಗುವುದಕ್ಕೆ ಇಲ್ಲಿಯೇ ಮೂಲವುಂಟು.

ಕನ್ನಡವು ಈ ಒಂದು ಮಾತಿಗೆ ಹಲವು ಮಾತುಗಳನ್ನು ಇಟ್ಟುಕೊಂಡಿದೆ. ಇದು ನಮ್ಮ ಭಾಗ್ಯವೆಂದೇ ಹೇಳಬೇಕು. ಮಗು ಚುರುಕು, ಮುದುಕರು ಗಟ್ಟಿಮುಟ್ಟು, ಲೆಕ್ಕವು ಚಾಲ್ತಿ, ಕಾನೂನು ಜಾರಿ, ಜ್ವಾಲಾಮುಖಿಯು ಜಾಗೃತ, ವಾಕ್ಯವು ಕರ್ತರಿ, ಸದಸ್ಯರು ಉತ್ಸಾಹಿಗಳು, ಔಷಧವು ಗುಣಕಾರಿ. ಚುರುಕೆಂಬುದು ಮೈಯ ಗುಣ, ಚಾಲ್ತಿಯೆಂಬುದು ವ್ಯವಹಾರದ ಸ್ಥಿತಿ, ಜಾಗೃತವೆಂಬುದು ಎಚ್ಚರ. ಎಚ್ಚರವಾಗಿರುವುದಕ್ಕೆ ಓಡಾಡುತ್ತಿರಬೇಕೆಂಬ ನಿಯಮವಿಲ್ಲ. ವರ್ಷಗಟ್ಟಲೆ ಹೊಗೆಯಾಡದ ಬೆಟ್ಟವೂ ಜಾಗೃತವಾಗಿರಬಹುದು. ಈ ಎಲ್ಲ ಮಾತುಗಳನ್ನೂ ಮೂಲೆಗಿಟ್ಟು ‘ಆಕ್ಟಿವ್’ ಎಂಬ ಒಂದನ್ನೇ ನಾವು ಬಳಸತೊಡಗಿದರೆ, ಭೇದವನ್ನು ತೋರಿಸುವ ಉಪಕರಣವನ್ನೇ ಕಳೆದುಕೊಂಡಂತಾಗುವುದು.

ಕರ್ತರಿಯ ಮಾತು ಬಂದುದರಿಂದ ವ್ಯಾಕರಣದ ಕಡೆ ಒಂದು ಗಳಿಗೆ ನಿಲ್ಲಬಹುದು. ಕರ್ಮಣಿ ಪ್ರಯೋಗವು ಕನ್ನಡದ ಆಡುಮಾತಿಗೆ ಒಗ್ಗಿದ್ದಲ್ಲ. “ಅನ್ನವು ಅವಳಿಂದ ಮಾಡಲ್ಪಟ್ಟಿತು” ಎಂದು ಯಾವ ಮನೆಯಲ್ಲಿಯೂ ಯಾರೂ ಹೇಳುವುದಿಲ್ಲ. ಆದರೆ ಕಚೇರಿಗೆ ಹೋದ ಅರ್ಜಿಯು ಅಲ್ಲಿ “ಪರಿಶೀಲಿಸಲ್ಪಡುತ್ತದೆ”, ಕಡತವು “ಕಳುಹಿಸಲ್ಪಡುತ್ತದೆ”, ಪರಿಶೀಲಿಸುವವರಾರು, ಕಳುಹಿಸುವವರಾರು ಎಂಬುದು ಮಾತ್ರ ಮರೆಯಾಗುತ್ತದೆ. ಕರ್ತೃವನ್ನು ಅಡಗಿಸಲು ನಮ್ಮ ಆಡುಮಾತಿನಲ್ಲಿಯೂ ಒಂದು ಉಪಾಯವಿಲ್ಲದಿಲ್ಲ. ‘ಮಾಡು’ ಎನ್ನಬೇಕಾದ ಕಡೆ ‘ಆಗು’ ಎನ್ನುವುದೇ ಅದು. “ತಪ್ಪು ಮಾಡಿದೆ” ಎಂಬುದಕ್ಕೂ “ತಪ್ಪಾಯಿತು” ಎಂಬುದಕ್ಕೂ ಇರುವ ದೂರವನ್ನು ಅಳೆದು ನೋಡಬೇಕು. ಮೊದಲನೆಯದರಲ್ಲಿ ಮಾಡಿದವನು ಮುಂದೆ ಬಂದು ನಿಲ್ಲುತ್ತಾನೆ. ಎರಡನೆಯದರಲ್ಲಿ ತಪ್ಪು ಮಳೆಯಂತೆ ತಾನಾಗಿ ಸುರಿದುಬಿಡುತ್ತದೆ. ಹಾಗೆಂದು ಎರಡನೆಯದು ಸುಳ್ಳೆಂದಲ್ಲ. ಹಿರಿಯರ ಮುಂದೆ ತಲೆಬಾಗಿ “ತಪ್ಪಾಯಿತು” ಎನ್ನುವವನ ದನಿಯಲ್ಲಿ ಪಶ್ಚಾತ್ತಾಪವಿರಬಹುದು. ಆದರೆ ಇದೇ ‘ಆಗು’ವನ್ನು ಅನ್ನದ ವಿಷಯದಲ್ಲಿ ಬಳಸಿದಾಗ ಏನಾಗುತ್ತದೆ? “ಅಡಿಗೆ ಆಯಿತೆ?” ಎಂದು ಕೇಳುತ್ತೇವೆ, “ಆಯಿತು” ಎಂಬ ಉತ್ತರ ಬರುತ್ತದೆ. ಅಡಿಗೆಯು ತಾನೇ ಆಯಿತು. ಮನೆಯು ತಾನೇ ಸಾರಿಸಿಕೊಂಡಿತು. ಕೊಡಕ್ಕೆ ನೀರು ತಾನೇ ಬಂದಿತು! ತಪ್ಪಿಗೆ ಕರ್ತೃವಿಲ್ಲದಿದ್ದರೆ ಹೊಣೆಗೇಡಿತನ. ದುಡಿಮೆಗೆ ಕರ್ತೃವಿಲ್ಲದಿದ್ದರೆ ಕೃತಘ್ನತೆ.

ಇದು ಕೇವಲ ಮಾತಿನ ಚಮತ್ಕಾರವೆಂದು ತಳ್ಳಿಹಾಕುವಂತಿಲ್ಲ. ಅರ್ಥಶಾಸ್ತ್ರದವರು ಜನರನ್ನು ಆರ್ಥಿಕವಾಗಿ ಆಕ್ಟಿವ್ ಆದವರು, ಅಲ್ಲದವರು ಎಂದು ವಿಂಗಡಿಸುವುದು ಬಹುಕಾಲದಿಂದ ನಡೆದುಬಂದಿದೆ. ನಮ್ಮ ಜನಗಣತಿಯಲ್ಲಿಯೂ ಈ ವಿಂಗಡಣೆಯುಂಟು. ೨೦೧೧ರ ಗಣತಿಯಲ್ಲಿ ವರ್ಷಕ್ಕೆ ೧೮೩ ದಿನಗಳಾದರೂ ದುಡಿದವರು ಮುಖ್ಯ ಕೆಲಸಗಾರರು, ಅದಕ್ಕಿಂತ ಕಡಿಮೆ ದುಡಿದವರು ಅಲ್ಪಾವಧಿಯ ಕೆಲಸಗಾರರು, ಉಳಿದವರೆಲ್ಲ ಕೆಲಸಗಾರರಲ್ಲದವರು. ಮನೆವಾರ್ತೆಯನ್ನು ಮಾತ್ರ ನೋಡಿಕೊಳ್ಳುವ ಗೃಹಿಣಿಯು ಈ ಕೊನೆಯ ಗುಂಪಿಗೆ ಸೇರುತ್ತಾಳೆ. ಹಸುವನ್ನು ಕಟ್ಟಿ ಮನೆಯ ಬಳಕೆಗೆಂದೇ ಹಾಲು ಕರೆಯುವುದನ್ನು ೨೦೦೧ರ ಗಣತಿಯಲ್ಲಿ ಕೆಲಸವೆಂದು ಒಪ್ಪಿದರು. ಆ ಹಾಲನ್ನು ಕಾಯಿಸಿ ಮಗುವಿಗೆ ಕುಡಿಸುವುದು ಕೆಲಸವೆನಿಸಲಿಲ್ಲ. ಹಾಲಿನ ಜಿಲ್ಲೆಯೆಂದು ಹೆಸರಾದ ನಮ್ಮ ಸೀಮೆಯಲ್ಲಿ, ಒಬ್ಬಳೇ ತಾಯಿಯು ಕೊಟ್ಟಿಗೆಯಲ್ಲಿರುವಾಗ ಕೆಲಸಗಾರಳು, ಹೊಸ್ತಿಲು ದಾಟಿ ಅಡಿಗೆಮನೆಗೆ ಬಂದೊಡನೆ ಅಲ್ಲ!

೨೦೧೯ರಲ್ಲಿ ಭಾರತ ಸರ್ಕಾರದವರು ಜನರು ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂಬುದರ ಸಮೀಕ್ಷೆ ನಡೆಸಿದರು. ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕಾಗಿ ದಿನವೊಂದಕ್ಕೆ ಸರಾಸರಿ ೨೯೯ ನಿಮಿಷಗಳನ್ನೂ, ತೊಡಗಿದ ಗಂಡಸರು ೯೭ ನಿಮಿಷಗಳನ್ನೂ ವಿನಿಯೋಗಿಸುತ್ತಾರೆಂದು ತಿಳಿದುಬಂತು. ಐದು ಗಂಟೆಗೆ ಒಂದೇ ನಿಮಿಷ ಕಡಿಮೆ! ಇದಕ್ಕೆ ಮುಂಚೆ ೨೦೧೩ರಲ್ಲಿ ಜಿನೀವಾದಲ್ಲಿ ಸೇರಿದ್ದ ಶ್ರಮಿಕ ಅಂಕಿ ಅಂಶ ತಜ್ಞರ ಅಂತರರಾಷ್ಟ್ರೀಯ ಸಮ್ಮೇಳನವು, ತನ್ನ ಮನೆಯವರಿಗಾಗಿ ಕೂಲಿಯಿಲ್ಲದೆ ಮಾಡುವ ಸೇವೆಯೂ ಕೆಲಸವೇ ಎಂದು ನಿರ್ಣಯ ಮಾಡಿತು. ಶಾಸ್ತ್ರವು ತಿದ್ದಿಕೊಂಡಿದೆ; ನಮ್ಮ ನಾಲಗೆ ಇನ್ನೂ ತಿದ್ದಿಕೊಂಡಿಲ್ಲ. “ತಾವೇನು ಮಾಡಿಕೊಂಡಿದ್ದೀರಿ?” ಎಂದು ಕೇಳಿದರೆ, ಬೆಳಗ್ಗೆ ಐದು ಗಂಟೆಗೆ ಎದ್ದ ಹೆಂಗಸು “ಏನೂ ಇಲ್ಲ, ಸುಮ್ಮನೆ ಮನೆಯಲ್ಲಿದ್ದೇನೆ” ಎನ್ನುತ್ತಾಳೆ. ಅನ್ಯಾಯವು ಪೂರ್ಣವಾಗುವುದು ಅದಕ್ಕೆ ಗುರಿಯಾದವರೇ ಅದನ್ನು ಒಪ್ಪಿ ಹೇಳುವಾಗ.

ಹಾಗಾದರೆ ಕ್ರಿಯೆಯೆಂದರೆ ಏನು? ಅದರ ಗುರುತು ಚಲನೆಯೇ? ನಮ್ಮ ಪೂರ್ವಿಕರಲ್ಲಿ ವೈಶೇಷಿಕರು ಈ ಪ್ರಶ್ನೆಯನ್ನು ಬಹು ಸೂಕ್ಷ್ಮವಾಗಿ ಬಿಡಿಸಿದ್ದಾರೆ. ಅವರ ಮತದಲ್ಲಿ ಕರ್ಮವೆಂಬುದು ಒಂದು ಪದಾರ್ಥ, ಅದು ಚಲನೆಯೇ. ಮೇಲಕ್ಕೆತ್ತುವುದು, ಕೆಳಕ್ಕೆಸೆಯುವುದು, ಮುದುಡುವುದು, ಚಾಚುವುದು, ನಡೆಯುವುದು ಎಂದು ಅದು ಐದು ಬಗೆ. ಇಲ್ಲಿಗೆ ನಿಲ್ಲಿಸಿದ್ದರೆ ಅವರೂ ನಮ್ಮ ‘ಆಕ್ಟಿವ್’ ವಾದಿಗಳಾಗುತ್ತಿದ್ದರು. ಆದರೆ ಅವರು ‘ಪ್ರಯತ್ನ’ವನ್ನು ಕರ್ಮದಲ್ಲಿ ಸೇರಿಸಲಿಲ್ಲ, ಅದನ್ನು ಆತ್ಮನ ಗುಣವೆಂದು ಬೇರೆ ಎಣಿಸಿದರು. ಗಾಳಿಗೆ ಅಲುಗುವ ಎಲೆಯಲ್ಲಿ ಕರ್ಮವಿದೆ, ಪ್ರಯತ್ನವಿಲ್ಲ. ಹದಿನೇಳನೆಯ ಶತಮಾನದ ವಿಶ್ವನಾಥ ಪಂಚಾನನನು ತನ್ನ ಭಾಷಾಪರಿಚ್ಛೇದದಲ್ಲಿ ಪ್ರಯತ್ನವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಬೇಕಾದುದರ ಕಡೆ ತೊಡಗುವ ಪ್ರವೃತ್ತಿ ಒಂದು. ಬೇಡವಾದುದರಿಂದ ಹಿಂಜರಿಯುವ ನಿವೃತ್ತಿ ಒಂದು. ನಾವರಿಯದೆಯೇ ಉಸಿರನ್ನು ನಡೆಸುವ ಜೀವನಯೋನಿ ಎಂಬ ಪ್ರಯತ್ನ ಮತ್ತೊಂದು. ನಿವೃತ್ತಿಯು ಪ್ರಯತ್ನದ ಅಭಾವವಲ್ಲ, ಪ್ರಯತ್ನದ್ದೇ ಒಂದು ಬಗೆಯೆಂಬುದು ಇಲ್ಲಿಯ ಸಾರ. ಬೈದವನನ್ನು ತಿರುಗಿ ಬೈಯದೆ ನಿಂತವನೂ ಸುಮ್ಮನಿದ್ದನೆನ್ನುತ್ತೇವೆ. ಜಗಲಿಯಲ್ಲಿ ತೂಕಡಿಸುತ್ತಿದ್ದವನೂ ಸುಮ್ಮನಿದ್ದನೆನ್ನುತ್ತೇವೆ. ಹೊರಗಣ್ಣಿಗೆ ಇಬ್ಬರೂ ಒಂದೇ. ಆದರೆ ಮೊದಲನೆಯವನು ಆ ಗಳಿಗೆಯಲ್ಲಿ ಪಟ್ಟ ಶ್ರಮವನ್ನು ಎರಡನೆಯವನು ವರ್ಷದಲ್ಲಿ ಪಟ್ಟಿರಲಾರ.

ಕಾನೂನೂ ಇದನ್ನು ಬಲ್ಲದು. ೧೮೬೦ರ ಭಾರತೀಯ ದಂಡ ಸಂಹಿತೆಯಲ್ಲಿ ಕೃತ್ಯವೆಂಬ ಮಾತು ಕಾನೂನಿಗೆ ವಿರುದ್ಧವಾದ ಲೋಪಕ್ಕೂ ಅನ್ವಯಿಸುವುದೆಂದು ಹೇಳಿತ್ತು. ಅದರ ಸ್ಥಾನದಲ್ಲಿ ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಆ ನಿಯಮವನ್ನು ಉಳಿಸಿಕೊಂಡಿದೆ. ಮಾಡಬೇಕಾದುದನ್ನು ಮಾಡದಿರುವುದು ಮಾಡಬಾರದುದನ್ನು ಮಾಡಿದಂತೆಯೇ ಅಪರಾಧವಾಗಬಹುದು. ಮಾಡದಿರುವುದು ಅಪರಾಧದ ಪಟ್ಟಿಗೆ ಬರಬಹುದಾದರೆ ಪುಣ್ಯದ ಪಟ್ಟಿಗೆ ಏಕೆ ಬರಬಾರದು? ತಪ್ಪನ್ನು ಎಣಿಸುವಾಗ ಸುಮ್ಮನಿದ್ದುದನ್ನು ಕ್ರಿಯೆಯೆಂದು ಹಿಡಿದು, ಒಳ್ಳೆಯದನ್ನು ಎಣಿಸುವಾಗ ಅಕ್ರಿಯೆಯೆಂದು ಬಿಡುವುದು ಒಂದೇ ತಕ್ಕಡಿಯಲ್ಲಿ ಎರಡು ಕಲ್ಲು ಇಟ್ಟ ವ್ಯಾಪಾರ.

ನಮ್ಮ ಸೀಮೆಯ ಬದುಕಿನಲ್ಲಿಯೇ ಇದಕ್ಕೆ ನಿದರ್ಶನಗಳು ಬೇಕಾದಷ್ಟಿವೆ. ರೇಷ್ಮೆಯ ಹುಳುವನ್ನು ಸಾಕುವವರು ಬಲ್ಲರು: ಮೊಟ್ಟೆಯೊಡೆದು ಬಂದ ಹುಳು ಗೂಡು ಕಟ್ಟುವುದರೊಳಗೆ ನಾಲ್ಕು ಬಾರಿ ಹಿಪ್ಪುನೇರಳೆಯ ಸೊಪ್ಪನ್ನು ಬಿಟ್ಟು, ತಲೆಯೆತ್ತಿ, ಅಲುಗದೆ ನಿಲ್ಲುತ್ತದೆ. ಇದನ್ನು ಜ್ವರವೆನ್ನುತ್ತಾರೆ, ಒಂದನೆಯ ಜ್ವರ, ಎರಡನೆಯ ಜ್ವರ, ಹೀಗೆ. ನೋಡುವವರಿಗೆ ಹುಳುವು ಜಡವಾಗಿರುವಂತೆ ತೋರುವುದು. ಆದರೆ ಬೆಳೆದ ಮೈಗೆ ಬಿಗಿಯಾದ ಹಳೆಯ ಚರ್ಮವನ್ನು ಬಿಚ್ಚಿ ಹೊಸದನ್ನು ತೊಡುವ ದೊಡ್ಡ ಕೆಲಸ ಆಗಲೇ ಒಳಗೆ ನಡೆಯುತ್ತಿರುತ್ತದೆ. ತಿಳಿದ ರೈತನು ಆಗ ಸೊಪ್ಪು ಹಾಕುವುದಿಲ್ಲ, ತಟ್ಟೆಯನ್ನು ಅಲುಗಿಸುವುದಿಲ್ಲ. ಹುಳು ಆಕ್ಟಿವ್ ಆಗಿಲ್ಲವೆಂದು ಕೆದಕಿದವನು ಬೆಳೆಯನ್ನೇ ಕೆಡಿಸಿಕೊಳ್ಳುತ್ತಾನೆ. ಶ್ರೀನಿವಾಸಪುರದ ಮಾವಿನ ತೋಪಿನವರಿಗೂ ಇದು ಹೊಸದಲ್ಲ. ಒಂದು ವರ್ಷ ಕೊಂಬೆ ಬಾಗುವಷ್ಟು ಹಣ್ಣು ಕೊಟ್ಟ ಮರ ಮರುವರ್ಷ ಹಿಂದೆಗೆಯುವುದುಂಟು. ಅದನ್ನು ಮರದ ಸೋಮಾರಿತನವೆಂದು ಯಾರೂ ಬೈದುದಿಲ್ಲ.

ಕೆರೆಯ ನೀರಗಂಟಿಯನ್ನು ನೆನೆಯಿರಿ. ವರ್ಷವೆಲ್ಲ ಹರಿಯುವ ಹೊಳೆಯಿಲ್ಲದ ಈ ನಾಡಿನಲ್ಲಿ ಒಂದರ ಕೆಳಗೊಂದು ಕಟ್ಟಿದ ಕೆರೆಗಳೇ ಬಾಳಿಗೆ ಆಧಾರವಾಗಿದ್ದವು. ತೂಬನ್ನು ಎತ್ತಿ ಇಳಿಸಿ, ಅಚ್ಚುಕಟ್ಟಿನ ಗದ್ದೆಗಳಿಗೆ ನೀರನ್ನು ಹಂಚುವುದು ನೀರಗಂಟಿಯ ಕೆಲಸ. ಸುಗ್ಗಿಯಲ್ಲಿ ಅವನಿಗೆ ಧಾನ್ಯದ ಪಾಲು. ತೂಬನ್ನು ಎತ್ತುವುದು ಗಳಿಗೆಯ ಕೆಲಸ. ಅದನ್ನು ಎತ್ತದೆ ಇರುವುದೇ, ಬಲವಂತರು ಕೇಳಿದರೂ ಎತ್ತದೆ ಇರುವುದೇ, ದಿನವೆಲ್ಲದ ಕೆಲಸ. ಅವನ ಯೋಗ್ಯತೆಯನ್ನು ಎಷ್ಟು ಬಾರಿ ತೂಬು ಎತ್ತಿದನೆಂಬುದರಿಂದ ಅಳೆದ ಊರಿಗೆ ಬೇಸಗೆಯಲ್ಲಿ ನೀರು ಉಳಿಯಲಾರದು.

ಇನ್ನು ಚಿನ್ನದ ಗಣಿ. ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದ ಮೇಲೆ ಕೋಲಾರದ ಗಣಿಗಳ ಗದ್ದಲಕ್ಕೆ ಎಣೆಯಿರಲಿಲ್ಲ. ಅದೇ ಗಣಿಯ ಚಾಂಪಿಯನ್ ರೀಫ್ ಭಾಗದಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಕೆಳಗೆ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರೂ ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಾಮ್ ಊರುಗಳ ವಿಜ್ಞಾನಿಗಳೂ ಕೂಡಿ ಯಂತ್ರಗಳನ್ನಿಟ್ಟು ಕಾದರು. ಆಕಾಶದಿಂದ ಸುರಿಯುವ ಇತರ ಕಣಗಳನ್ನು ಬಂಡೆಯು ತಡೆದು, ಯಾವುದೂ ತಡೆಯಲಾರದ ನ್ಯೂಟ್ರಿನೊ ಮಾತ್ರ ಅಲ್ಲಿಗೆ ಮುಟ್ಟೀತೆಂಬುದು ಅವರ ಲೆಕ್ಕ. ೧೯೬೫ರಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಸುಳಿವನ್ನು ಅವರು ಕಂಡರು. ಆ ಕೆಲಸದ ಬಹುಭಾಗವು ನಿಶ್ಶಬ್ದವನ್ನು ಹುಡುಕಿ ಅದರೊಳಗೆ ಎಚ್ಚರದಿಂದ ಕಾಯುವುದು. ೨೦೦೧ರಲ್ಲಿ ಗಣಿ ಮುಚ್ಚಿತು, ಗದ್ದಲವು ಅಡಗಿತು. ಕಾದವರ ಫಲವು ಭೌತವಿಜ್ಞಾನದಲ್ಲಿ ನಿಂತಿದೆ.

ಹಾಗೆಂದು ಚಲನೆಯನ್ನು ಹಳಿದು ನಿಶ್ಚಲತೆಯನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಅದು ಇನ್ನೊಂದು ಅತಿ. ಎರಡೂ ಬೇಕೆಂಬುದಕ್ಕೆ ಈಗ ನಮ್ಮ ಕೆರೆಗಳಿಗೆ ಬರುತ್ತಿರುವ ನೀರೇ ಸಾಕ್ಷಿ. ೨೦೧೮ರಲ್ಲಿ ಲಕ್ಷ್ಮೀಸಾಗರದ ಕೆರೆಗೆ ಮೊದಲು ಹರಿದು, ಆ ಮೇಲೆ ಕೆರೆಯಿಂದ ಕೆರೆಗೆ ಇಳಿಯುತ್ತ ಬಂದದ್ದು ಬೆಂಗಳೂರಿನ ಕೊಳಚೆಯನ್ನು ಶುದ್ಧಿಮಾಡಿದ ನೀರು. ಈ ಶುದ್ಧಿಗೆ ಬಳಸುವ ಒಂದು ಮುಖ್ಯ ವಿಧಾನಕ್ಕೆ ‘ಆಕ್ಟಿವೇಟೆಡ್ ಸ್ಲಡ್ಜ್’ ಎಂದು ಹೆಸರು. ಸಕ್ರಿಯಗೊಳಿಸಿದ ಕೆಸರು ಎನ್ನಬಹುದು. ೧೯೧೪ರಲ್ಲಿ ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ ಎಂಬವರು ಇದನ್ನು ಪ್ರಕಟಿಸಿದರು. ಅವರಿಗೆ ದಾರಿ ತೋರಿದ ಗಿಲ್ಬರ್ಟ್ ಫೌಲರ್ ಎಂಬ ರಸಾಯನಜ್ಞರು ೧೯೧೬ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ವಿಧಾನವು ಸರಳ. ಒಂದು ತೊಟ್ಟಿಯಲ್ಲಿ ಕೊಳಚೆಗೆ ಗಾಳಿಯನ್ನು ಊದಿ ಕಲಕುತ್ತಾರೆ. ಸೂಕ್ಷ್ಮಜೀವಿಗಳು ಹೆಚ್ಚಿ ಕಲ್ಮಷವನ್ನು ತಿಂದು ಗಂಟುಗಂಟಾಗಿ ಕೂಡುತ್ತವೆ. ಆಮೇಲೆ ಅದನ್ನು ಇನ್ನೊಂದು ತೊಟ್ಟಿಗೆ ಬಿಟ್ಟು ಅಲುಗಿಸದೆ ನಿಲ್ಲಿಸುತ್ತಾರೆ. ಗಂಟುಗಳು ತಳಕ್ಕಿಳಿದು ಮೇಲೆ ತಿಳಿನೀರು ನಿಲ್ಲುತ್ತದೆ. ತಳದ ಕೆಸರಿನಲ್ಲಿ ಒಂದು ಪಾಲನ್ನು ಮೊದಲ ತೊಟ್ಟಿಗೆ ಮರಳಿಸುತ್ತಾರೆ. ಕಲಕುವ ತೊಟ್ಟಿಯೊಂದೇ ಇದ್ದರೆ ಕೊಳಚೆ ಕೊಳಚೆಯಾಗಿಯೇ ಸುತ್ತುತ್ತಿರುವುದು. ನಿಲ್ಲುವ ತೊಟ್ಟಿಯೊಂದೇ ಇದ್ದರೆ ಕರಗಿದ ಕಲ್ಮಷವು ಹೋಗದೆ ನೀರು ನಾರುವುದು. ಈ ನೀರಿಗೆ ಮತ್ತೂ ಒಂದು ಹಂತದ ಶುದ್ಧಿ ಬೇಕೆಂಬ ಒತ್ತಾಯವು ನಮ್ಮಲ್ಲಿ ಉಂಟು. ಅದರ ನ್ಯಾಯವನ್ನು ವಿಚಾರಿಸುವುದು ಈ ಲೇಖನದ ಹೊರಗಿನ ಮಾತು.

ಇಲ್ಲಿ ಒಂದು ಆಕ್ಷೇಪವು ಬರತಕ್ಕದ್ದೇ. “ಸುಮ್ಮನಿರುವುದೂ ಕ್ರಿಯೆಯೆಂದು ಒಪ್ಪಿದರೆ ಸೋಮಾರಿಗೆ ದೊಡ್ಡ ಆಶ್ರಯ ದೊರೆತಂತಾಗಲಿಲ್ಲವೆ? ನಮ್ಮ ದೇಶವು ನಿವೃತ್ತಿಯ ಹೆಸರಿನಲ್ಲಿ ಎಷ್ಟು ಶತಮಾನ ನಿದ್ರಿಸಿತು!” ಎಂದು ಯಾರಾದರೂ ಕೇಳಬಹುದು. ಈ ಮಾತಿನಲ್ಲಿ ಬಲವಿದೆ. ಲೋಕಮಾನ್ಯ ಟಿಳಕರು ಮಂಡಾಲೆಯ ಸೆರೆಯಲ್ಲಿ ಬರೆದು ೧೯೧೫ರಲ್ಲಿ ಪ್ರಕಟಿಸಿದ ಗೀತಾರಹಸ್ಯದ ಹಿಂದೆ ಇದ್ದದ್ದು ಇದೇ ಕಳವಳ; ಗೀತೆಯ ಉಪದೇಶವು ಕರ್ಮತ್ಯಾಗವಲ್ಲ, ಕರ್ಮಯೋಗವೆಂದು ಅವರು ವಾದಿಸಿದರು. ನಮ್ಮ ಮುಳಬಾಗಿಲಿನಲ್ಲಿ ೧೮೮೭ರಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರು ಗೀತೆಯ ವ್ಯಾಖ್ಯಾನಕ್ಕೆ ಜೀವನಧರ್ಮಯೋಗವೆಂದೇ ಹೆಸರಿಟ್ಟರು. ಅಷ್ಟಕ್ಕೆ ನಿಲ್ಲದೆ, ೧೯೪೫ರಲ್ಲಿ ಸಾರ್ವಜನಿಕ ವಿಚಾರಗಳ ಅಧ್ಯಯನಕ್ಕಾಗಿ ಗೋಖಲೆ ಸಂಸ್ಥೆಯನ್ನೂ ಕಟ್ಟಿದರು. ಆದುದರಿಂದ ನಿವೃತ್ತಿಗೂ ಆಲಸ್ಯಕ್ಕೂ ಗುರುತು ಹೇಳಲೇಬೇಕು.

ಮೂರು ಪ್ರಶ್ನೆಗಳಿಂದ ಅದನ್ನು ಪರೀಕ್ಷಿಸಬಹುದೆಂದು ತೋರುತ್ತದೆ. ಇವನು ಎಚ್ಚರವಾಗಿದ್ದಾನೆಯೆ? ತೂಬಿನ ಬಳಿ ಕಾದು ಕುಳಿತ ನೀರಗಂಟಿಗೂ ಅಲ್ಲಿಯೇ ಮಲಗಿ ನಿದ್ರೆಹೋದ ನೀರಗಂಟಿಗೂ ಭೇದವು ಇದೇ. ಇವನು ಮಾಡಬಲ್ಲವನಾಗಿದ್ದು ಮಾಡದಿರುವನೆ? ಕೈಲಾಗದವನ ಕ್ಷಮೆಯನ್ನು ಕ್ಷಮೆಯೆನ್ನುವಂತಿಲ್ಲ. ತಾನು ಹಿಂಜರಿದುದರ ನಷ್ಟವನ್ನು ಇವನೇ ಹೊರುವನೆ, ಇತರರ ಮೇಲೆ ಹೊರಿಸುವನೆ? ಮಾಲೂರು ತಾಲ್ಲೂಕಿನವರಾದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು, ತಮಗಿಂತ ಕಿರಿಯರಿಗೆ ಬಡ್ತಿ ದೊರೆತುದನ್ನು ಒಪ್ಪಲಾರದೆ, ಮೈಸೂರು ಸರ್ಕಾರದ ದೊಡ್ಡ ಹುದ್ದೆಯನ್ನು ಬಿಟ್ಟರು. ಅದು ಬಿಟ್ಟ ಕೆಲಸ, ಮಾಡಿದ ಕೆಲಸವಲ್ಲವೆಂದು ಹೇಳಲಾದೀತೆ? ಅಧಿಕಾರವಿದ್ದಾಗ ಬಿಟ್ಟರು, ನಷ್ಟವನ್ನು ತಾವೇ ಹೊತ್ತರು, ಆ ಮೇಲೂ ನಾಲ್ವತ್ತು ವರ್ಷ ಕನ್ನಡದಲ್ಲಿ ಬರೆದರು. ಈ ಮೂರು ಪ್ರಶ್ನೆಗಳನ್ನು ಸೋಮಾರಿಯು ಎದುರಿಸಲಾರ. ಎಚ್ಚರವಿಲ್ಲದೆ, ಹೊಣೆಯಿಲ್ಲದೆ, ಇತರರ ಬೆನ್ನ ಮೇಲೆ ಕುಳಿತವನಿಗೆ ನಿವೃತ್ತಿಯ ಹೆಸರು ಸಲ್ಲದು.

ಇವೇ ಪ್ರಶ್ನೆಗಳನ್ನು ಓಡಾಡುವವನಿಗೂ ಕೇಳಬೇಕು. ದಿನಕ್ಕೆ ಹತ್ತು ಸಭೆಗಳಿಗೆ ಹೋಗಿ, ನಾಲ್ಕು ಊರು ಸುತ್ತಿ, ಕೈಯಲ್ಲಿ ಹಿಡಿದ ಯಂತ್ರದಲ್ಲಿ ಗಳಿಗೆಗೊಮ್ಮೆ ಉತ್ತರ ಕೊಡುತ್ತ, ತಾನೇನು ಮಾಡುತ್ತಿರುವೆನೆಂದು ಒಮ್ಮೆಯೂ ಯೋಚಿಸದವನಲ್ಲಿ ಕರ್ಮವು ಬೇಕಾದಷ್ಟುಂಟು, ಪ್ರಯತ್ನವೆಷ್ಟುಂಟೋ ಸಂಶಯ. ಅವನು ಅಟ್ಟುವವನೋ, ಅಟ್ಟಿಸಿಕೊಳ್ಳುವವನೋ? ಪದದ ಮೂಲಾರ್ಥವನ್ನು ಹಿಡಿದು ನೋಡಿದರೆ ಇಂಥವನು ‘ಪ್ಯಾಸಿವ್’ ಎಂಬ ಪಂಕ್ತಿಯಲ್ಲಿ ಕೂರಬೇಕಾದವನು. ರಾತ್ರಿಯೆಲ್ಲ ರೋಗಿಯ ಮಗ್ಗುಲಲ್ಲಿ ಕೈಕಟ್ಟಿ ಕುಳಿತು, ಉಸಿರಿನ ಏರಿಳಿತವನ್ನು ಕೇಳುತ್ತಿದ್ದ ಮಗಳು ಮೊದಲನೆಯ ಪಂಕ್ತಿಗೆ ಸೇರಿದವಳು.

ನಮ್ಮ ಮನೆಗಳಲ್ಲಿ ಮಾಡಬಹುದಾದ ತಿದ್ದುಪಡಿ ಬಹಳ ದೊಡ್ಡದೇನಲ್ಲ. ಮಗುವು ಚುರುಕಾಗಿದ್ದರೆ ಚುರುಕೆನ್ನೋಣ. ಒಂದು ಮೂಲೆಯಲ್ಲಿ ಕುಳಿತು ಇರುವೆಯ ಸಾಲನ್ನೇ ಅರ್ಧ ಗಂಟೆ ನೋಡುವ ಮಗುವನ್ನು ಮಂಕೆಂದು ತಿಳಿಯದಿರೋಣ. ಮೆಟ್ಟಿಲು ಹತ್ತಲಾರದ ಹಿರಿಯರನ್ನು ಲೆಕ್ಕದಿಂದ ಬಿಡದೆ, ಮನೆಯ ಜಗಳವು ಅವರ ಒಂದು ಮೌನದಿಂದ ಎಷ್ಟು ಬಾರಿ ತಣ್ಣಗಾಯಿತೆಂಬುದನ್ನೂ ಎಣಿಸೋಣ. “ಅಡಿಗೆ ಆಯಿತೆ?” ಎಂದು ಕೇಳುವ ಕಡೆ ಒಮ್ಮೊಮ್ಮೆಯಾದರೂ “ಅಡಿಗೆ ಮಾಡಿದೆಯಾ?” ಎಂದೂ, ಅದಕ್ಕಿಂತ ಮೇಲಾಗಿ “ನಾನೇನು ಮಾಡಲಿ?” ಎಂದೂ ಕೇಳಬಹುದು. ಗಣತಿಯ ಪಟ್ಟಿಯನ್ನು ತಿದ್ದುವುದು ಸರ್ಕಾರದ ಕೈಯಲ್ಲಿದೆ. ಮನೆಯಲ್ಲಿ ಯಾರು ಏನು ಮಾಡುತ್ತಾರೆಂಬ ಪಟ್ಟಿಯನ್ನು ಸರಿಯಾಗಿ ಬರೆದುಕೊಳ್ಳುವುದು ನಮ್ಮ ಕೈಯಲ್ಲಿದೆ.